ಗಡಿಯಾರ ಮತ್ತು ಪ್ರಬಂಧ

ತಿಮ್ಮಾಪುರದ ನಮ್ಮ ಪಡಸಾಲೆಯಲ್ಲಿ ಮೊಮ್ಮಗ ಗಡಿಯಾರ ಎದುರಿಗಿಟ್ಟುಕೊಂಡು ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆ ಬರೆಯುತ್ತಾನೆ. ಓದಲು 15 ನಿಮಿಷ, ಬರೆಯಲು 3 ತಾಸು. ಇದು ಆರನೆಯದು. ಪ್ರಬಂಧದ ಬಗ್ಗೆ ಕೇಳಿದರೆ, ‘ಅಜ್ಜಾ, ಪೀಠಿಕೆ ಬಾಯಿಪಾಠ ಐತಿ, ವಿಷಯ ಯಾವುದಿದ್ರೂ ನಡೀತೈತಿ’ ಅಂದ! ರನ್ನ ಹುಟ್ಟಿದ ಮುಧೋಳದ ಸೀಮೆಯಲ್ಲಿ ಈ ಮಾತು.

ತಾಸು ಹಿಡಿದು ಬರೆಯುವುದಕ್ಕೆ ನನ್ನ ತಕರಾರಿಲ್ಲ. ಗಂಟೆ ಬಾರಿಸಿದಾಗ ಅರ್ಧ ಪ್ರಬಂಧ ಬಿಟ್ಟು ಎದ್ದುಬಂದವನು ನಾನು. ತಕರಾರು, ಬರೆದದ್ದನ್ನು ಯಾರೂ ಓದುವುದಿಲ್ಲವೆಂಬುದು. ಹಿಂದಿನ ಐದರಲ್ಲೂ ಕೆಂಪು ಗೆರೆ, ಅಂಕ. ತಿದ್ದಿದ ವಾಕ್ಯ ಒಂದೂ ಇಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಗಿದ್ದವು. ಎಲ್ಲ ಪರೀಕ್ಷೆಯಲ್ಲೂ ಅದೇ ಪೀಠಿಕೆಯೇ?

ನಿನ್ನೆ ಗಡಿಯಾರ ಕಪಾಟಿಗಿಟ್ಟು, ನಮ್ಮ ಕಬ್ಬಿನ ಹೊಲದ ಬಗ್ಗೆ ಬರಿ ಅಂದೆ. ಸಂಜೆಯತನಕ ನಾಲ್ಕೇ ಸಾಲು. ನಾಲ್ಕನ್ನೂ ಕೂಡಿ ತಿದ್ದಿದೆವು. ನಾಳೆ ಮತ್ತೆ ಗಡಿಯಾರ ಇಳಿಸುತ್ತೇನೆ.