ಗಡಿ ಬದಲಿಸುವ ಅಧಿಕಾರ: ರಾಜ್ಯದ ಮಾತಿಗೆ ಬೆಲೆ ಎಷ್ಟು?

ಸಂವಿಧಾನದ ಬಹುತೇಕ ವಿಧಿಗಳನ್ನು ತಿದ್ದಲು ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಆದರೆ ಒಂದು ರಾಜ್ಯವನ್ನು ಒಡೆಯಲು, ಕುಗ್ಗಿಸಲು, ಅದರ ಹೆಸರನ್ನು ಬದಲಿಸಲು ಸರಳ ಬಹುಮತವೇ ಸಾಕು. 3ನೆಯ ವಿಧಿ ಸಂಸತ್ತಿಗೆ ಈ ಅಧಿಕಾರವನ್ನು ಕೊಟ್ಟಿದೆ. ಇಂಥ ಕಾಯಿದೆಯನ್ನು ಸಂವಿಧಾನದ ತಿದ್ದುಪಡಿಯೆಂದು ಎಣಿಸಬಾರದೆಂದು 4ನೆಯ ವಿಧಿ ಹೇಳುತ್ತದೆ. ರಾಜ್ಯಕ್ಕೆ ಉಳಿದಿರುವ ರಕ್ಷಣೆ ಒಂದೇ: ರಾಷ್ಟ್ರಪತಿಗಳು ಮಸೂದೆಯನ್ನು ಅದರ ಶಾಸಕಾಂಗಕ್ಕೆ ಕಳುಹಿಸಿ ಅಭಿಪ್ರಾಯ ಕೇಳಬೇಕು. 1955ರ ಐದನೆಯ ತಿದ್ದುಪಡಿಯಿಂದ ಅದಕ್ಕೂ ಗಡುವು ಬಂದಿತು. ಗಡುವು ಮುಗಿದರೆ ಉತ್ತರ ಬರದಿದ್ದರೂ ಮಸೂದೆ ಮುಂದೆ ಸಾಗುತ್ತದೆ.

ಆ ಅಭಿಪ್ರಾಯದ ತೂಕವೆಷ್ಟೆಂಬುದು ಮುಂಬಯಿಯ ಪ್ರಕರಣದಲ್ಲೇ ನಿರ್ಧಾರವಾಯಿತು. 1956ರ ರಾಜ್ಯ ಪುನರ್ವಿಂಗಡಣಾ ಮಸೂದೆಯಲ್ಲಿ ಮೊದಲು ಇದ್ದದ್ದು ಮಹಾರಾಷ್ಟ್ರ, ಗುಜರಾತ್ ಮತ್ತು ಕೇಂದ್ರಾಡಳಿತದ ಮುಂಬಯಿ ನಗರವೆಂಬ ಮೂರು ಭಾಗಗಳು. ಶಾಸಕಾಂಗ ಚರ್ಚಿಸಿದ್ದು ಅದನ್ನು. ಸಂಸತ್ತು ಅಂಗೀಕರಿಸಿದ್ದು ಮೂರೂ ಒಂದಾದ ದ್ವಿಭಾಷಾ ರಾಜ್ಯವನ್ನು. ಹೊಸ ರೂಪವನ್ನು ಮತ್ತೆ ರಾಜ್ಯದ ಮುಂದಿಡಬೇಕಾಗಿಲ್ಲ, ರಾಜ್ಯದ ಅಭಿಪ್ರಾಯ ಸಂಸತ್ತನ್ನು ಬಂಧಿಸುವುದೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ತೀರ್ಪಿತ್ತಿತು.

ಈ ಅಧಿಕಾರವನ್ನು ಒಮ್ಮೆಲೇ ಖಂಡಿಸುವುದು ಕನ್ನಡಿಗರಿಗೆ ಸುಲಭವಲ್ಲ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದರಾಸು ರಾಜ್ಯಗಳ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರನ್ನು ಸೇರಿದ್ದು ಇದರ ಬಲದಿಂದಲೇ. ಅಮೆರಿಕದಲ್ಲಿ ಒಂದು ರಾಜ್ಯವನ್ನು ಒಡೆಯಲು ಆ ರಾಜ್ಯದ ಶಾಸಕಾಂಗದ ಒಪ್ಪಿಗೆ ಕಡ್ಡಾಯ. ಆ ನಿಯಮ ಇಲ್ಲಿದ್ದಿದ್ದರೆ ತೆಲಂಗಾಣ 2014ರಲ್ಲಿ ಹುಟ್ಟುತ್ತಿರಲಿಲ್ಲ; ಆಂಧ್ರಪ್ರದೇಶದ ವಿಧಾನಸಭೆ ಆ ವರ್ಷದ ಜನವರಿಯಲ್ಲಿ ಮಸೂದೆಯನ್ನು ತಿರಸ್ಕರಿಸಿತ್ತು. ದೊಡ್ಡ ರಾಜ್ಯದೊಳಗೆ ಸಂಖ್ಯೆಯಲ್ಲಿ ಕಡಿಮೆಯಾದ ಪ್ರದೇಶಕ್ಕೆ ಕೆಲವೊಮ್ಮೆ ಸಂಸತ್ತೇ ಕೊನೆಯ ಆಸರೆ.

ಆದ್ದರಿಂದ ದೋಷವಿರುವುದು ಅಧಿಕಾರದಲ್ಲಲ್ಲ, ಕೇಳುವ ಕ್ರಮ ಬರಿದಾದುದರಲ್ಲಿ. 1953ರಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗ ದೇಶವನ್ನು ಸುತ್ತಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಮನವಿಗಳನ್ನು ಸ್ವೀಕರಿಸಿ 1955ರಲ್ಲಿ ವರದಿಯಿತ್ತಿತು. 2019ರಲ್ಲಿ ಜಮ್ಮು ಮತ್ತು ಕಾಶ್ಮೀರದ ಮಸೂದೆ ಆಗಸ್ಟ್ 5ರಂದು ರಾಜ್ಯಸಭೆಯಲ್ಲೂ ಮರುದಿನ ಲೋಕಸಭೆಯಲ್ಲೂ ಅಂಗೀಕಾರವಾಯಿತು. ಅಲ್ಲಿನ ವಿಧಾನಸಭೆ ಆಗಲೇ ವಿಸರ್ಜನೆಯಾಗಿ ರಾಷ್ಟ್ರಪತಿ ಆಳ್ವಿಕೆ ನಡೆದಿತ್ತು. ಅದರ ಅಭಿಪ್ರಾಯದ ಸ್ಥಾನದಲ್ಲಿ ಸಂಸತ್ತಿನದೇ ಅಭಿಪ್ರಾಯ ನಿಂತಿತು. ಕೇಳಿದವರೂ ಅವರೇ, ಉತ್ತರಿಸಿದವರೂ ಅವರೇ. ವಿಶೇಷ ಸ್ಥಾನಮಾನದ ಪ್ರಶ್ನೆಯಲ್ಲಿ ಯಾರ ನಿಲುವು ಏನೇ ಇರಲಿ, ಈ ಕ್ರಮ ಎಲ್ಲ ರಾಜ್ಯಗಳನ್ನೂ ಚಿಂತೆಗೀಡುಮಾಡಬೇಕು. 2023ರ ಡಿಸೆಂಬರ್ ತೀರ್ಪು ಲಡಾಖನ್ನು ಬೇರ್ಪಡಿಸಿದ್ದನ್ನು ಎತ್ತಿಹಿಡಿಯಿತು. ಆದರೆ ಒಂದು ರಾಜ್ಯವನ್ನೇ ಕೇಂದ್ರಾಡಳಿತ ಪ್ರದೇಶವಾಗಿಸಬಹುದೇ ಎಂಬ ಪ್ರಶ್ನೆಯನ್ನು, ರಾಜ್ಯ ಸ್ಥಾನ ಮರಳಿಸುವ ಕೇಂದ್ರದ ಭರವಸೆಯನ್ನು ನಂಬಿ, ತೀರ್ಮಾನಿಸದೆ ಬಿಟ್ಟಿತು.

ಪರಿಹಾರ ದೂರದಲ್ಲಿಲ್ಲ. ಚುನಾಯಿತ ವಿಧಾನಸಭೆ ಇಲ್ಲದಾಗ ಆ ರಾಜ್ಯದ ಗಡಿಯನ್ನು ಮುಟ್ಟಬಾರದು. ಮಸೂದೆಯ ಸ್ವರೂಪ ಮೂಲತಃ ಬದಲಾದರೆ ಅದನ್ನು ಮತ್ತೆ ರಾಜ್ಯಕ್ಕೆ ಕಳುಹಿಸಬೇಕು. ಶಾಸಕಾಂಗ ವಿರೋಧಿಸಿದರೆ ವಿಶೇಷ ಬಹುಮತ ಬೇಕು, ಕಾರಣವನ್ನೂ ಸಂಸತ್ತಿನ ಮುಂದೆ ಲಿಖಿತವಾಗಿ ಇಡಬೇಕು.

ಬೆಳಗಾವಿಯ ಮೇಲೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಬೆಳಗಾವಿಯಲ್ಲಿ ಮನೆತನ, ಸಾಂಗಲಿಯಲ್ಲಿ ಬೀಗರು, ಮುಂಬಯಿಯಲ್ಲಿ ಉದ್ಯೋಗ ಇರುವ ಕುಟುಂಬಗಳಿಗೆ ಗಡಿಯೆಂದರೆ ನಕಾಶೆಯ ಗೆರೆ ಮಾತ್ರವಲ್ಲ. ಮಕ್ಕಳ ಶಾಲೆಯ ಭಾಷೆ, ಪಹಣಿಯ ಭಾಷೆ ಅದರೊಡನೆ ಬದಲಾಗುತ್ತವೆ. ಅಂಥ ಗೆರೆಯನ್ನು ಎಳೆಯುವ ಮುನ್ನ ಅಲ್ಲಿ ಬದುಕುವವರ ಮಾತನ್ನು ನಿಜವಾಗಿ ಕೇಳುವುದು ಒಕ್ಕೂಟದ ಕನಿಷ್ಠ ಧರ್ಮ.