ಶಟರ್ ಒಳಗಿನ ಕೆಂಡ

ತಮಿಳುನಾಡು ಎಂದರೆ ಸೆಕೆ ಎಂದುಕೊಂಡು ಹೊಸೂರಿಗೆ ಬರುವ ನಮ್ಮ ಹುಡುಗರಿಗೆ ಮೊದಲ ಡಿಸೆಂಬರ್‌ನಲ್ಲೇ ಸತ್ಯ ಗೊತ್ತಾಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿದು. ಉಳ್ಳಾಲ, ಬಂಟ್ವಾಳದ ಸೆಕೆಯಲ್ಲಿ ಬೆಳೆದವನಿಗೆ ಇಲ್ಲಿನ ರಾತ್ರಿಯ ನೆಲ ಮಂಜುಗಡ್ಡೆಯಂತೆ ಅನಿಸುತ್ತದೆ.

ನಾನು ಇಲ್ಲಿ 12 ವರ್ಷಗಳಿಂದ ಅಲ್‌ಫಹಮ್, ಗ್ರಿಲ್ ಚಿಕನ್ ಅಂಗಡಿ ನಡೆಸುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ಬೆಳಿಗ್ಗೆ ಸುಬ್‌ಹಿ ನಮಾಝ್ ಮುಗಿಸಿ ಅಂಗಡಿಗೆ ಬಂದರೆ, ಹಿಂದಿನ ಕೋಣೆಯಲ್ಲಿ ಮಲಗಿದ್ದ ಇಬ್ಬರು ಹುಡುಗರು ಬಾಗಿಲು ತೆಗೆಯಲಿಲ್ಲ. ಬಡಿದು ಬಡಿದು ಸಾಕಾಯಿತು. ಕೊನೆಗೆ ಒಬ್ಬ ತೆವಳಿಕೊಂಡು ಬಂದು ಚಿಲಕ ತೆಗೆದು ಅಲ್ಲೇ ವಾಂತಿ ಮಾಡಿದ. ಇನ್ನೊಬ್ಬನಿಗೆ ಪ್ರಜ್ಞೆ ಇರಲಿಲ್ಲ. ಮೂಲೆಯಲ್ಲಿ ಎಣ್ಣೆಯ ತಗಡಿನ ಡಬ್ಬ, ಅದರಲ್ಲಿ ರಾತ್ರಿ ಗ್ರಿಲ್‌ನಲ್ಲಿ ಉಳಿದ ಕೆಂಡ. ಚಳಿ ನುಗ್ಗದಂತೆ ಬಾಗಿಲ ಸಂದಿಗೆ ಗೋಣಿ ತುರುಕಿದ್ದರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಇಬ್ಬರೂ ಬದುಕಿದರು. ಇನ್ನಷ್ಟು ತಡವಾಗಿದ್ದರೆ ಅವನ ಉಮ್ಮನಿಗೆ ಏನೆಂದು ಫೋನ್ ಮಾಡುತ್ತಿದ್ದೆ?

"ದಿನವಿಡೀ ಇದೇ ಕೆಂಡದ ಪಕ್ಕ ನಿಲ್ಲುತ್ತೇವಲ್ಲ ಕಾಕ, ಹೊಗೆ ಕೂಡ ಇರಲಿಲ್ಲ" ಎಂದ ಆ ಹುಡುಗ. ಮೋಸವಾಗುವುದು ಇಲ್ಲೇ. ಗ್ರಿಲ್ ಮೇಲೆ ಚಿಮಣಿ ಇದೆ, ಅಂಗಡಿಯ ಮುಂಭಾಗ ತೆರೆದಿದೆ. ಶಟರ್ ಎಳೆದ ಕೋಣೆಯಲ್ಲಿ ಎರಡೂ ಇಲ್ಲ. ಕೆಂಪಗೆ ಕಾದ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಎದ್ದು ಹೊರಗೆ ಹೋಗಬೇಕು ಎಂದು ತಿಳಿಯುವಷ್ಟರಲ್ಲಿ ಕಾಲಿನಲ್ಲಿ ಬಲವಿರುವುದಿಲ್ಲ. ನಿದ್ದೆಯಲ್ಲಿದ್ದವನಿಗೆ ಅದೂ ತಿಳಿಯುವುದಿಲ್ಲ.

ಇದನ್ನು ಹುಡುಗರ ಅಜಾಗ್ರತೆ ಎಂದು ಹೇಳಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಚಳಿಗೆ ಮುದುಡಿ ಮಲಗಿದವನು ಕೈಗೆ ಸಿಕ್ಕಿದ ಬಿಸಿಯನ್ನು ಒಳಗೆ ತರುತ್ತಾನೆ. ಅವನಿಗೆ ಒಂದು ದಪ್ಪ ಕಂಬಳಿ ಕೊಡದ ನಾನೇ ಮೊದಲ ತಪ್ಪಿತಸ್ಥ. "ನಾವೂ ಹೀಗೇ ಅಂಗಡಿಯಲ್ಲಿ ಮಲಗಿ ಮೇಲೆ ಬಂದವರು" ಎಂದು ನಮ್ಮ ಹಿರಿಯ ಮಾಲಕರು ಹೇಳುತ್ತಾರೆ. ನಿಜ. ಆದರೆ ನಾವು ಬದುಕಿ ಉಳಿದದ್ದು ಆ ವ್ಯವಸ್ಥೆ ಸರಿಯಿತ್ತು ಎಂಬುದಕ್ಕೆ ಸಾಕ್ಷಿಯಲ್ಲ.

ಗ್ಯಾರೇಜ್, ವೆಲ್ಡಿಂಗ್ ಶೆಡ್ ಇಟ್ಟುಕೊಂಡ ಕೆಲವರು ಕಲ್ಲಿದ್ದಲ ಒಲೆ ಇಡಬಹುದೇ ಎಂದು ಕೇಳುತ್ತಾರೆ. ಕಾಶ್ಮೀರದ ಬುಖಾರಿ ಒಲೆಗೆ ಹೊಗೆಯನ್ನು ಮನೆಯಿಂದ ಹೊರಗೆ ಒಯ್ಯುವ ಕೊಳವೆ ಇರುತ್ತದೆ. ಆ ಕೊಳವೆ ಕಟ್ಟಿಕೊಂಡರೆ ಅದೂ ಅಪಾಯವೇ. ಕೊಳವೆಯೇ ಇಲ್ಲದ ಡಬ್ಬದ ಒಲೆಯನ್ನು ಅದಕ್ಕೆ ಹೋಲಿಸಬಾರದು. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಎಂಬುದನ್ನೂ ನಂಬಬೇಡಿ. ಹೊಸೂರಿನ ಚಳಿ ಕಾಶ್ಮೀರದ ಚಳಿಯಲ್ಲ. ನೆಲದಿಂದ ಮೇಲೆ ಒಂದು ಮಂಚ, ಎರಡು ಕಂಬಳಿ, ಟೊಪ್ಪಿ, ಕಾಲುಚೀಲ ಇದ್ದರೆ ರಾತ್ರಿ ಕಳೆಯುತ್ತದೆ.

ಈಗ ನನ್ನ ಅಂಗಡಿಯಲ್ಲಿ ಶಟರ್ ಎಳೆಯುವ ಮೊದಲು ಉಳಿದ ಕೆಂಡಕ್ಕೆ ಹೊರಗೆ ನೀರು ಹಾಕಿ ಆರಿಸುವುದು ಕಡ್ಡಾಯ. ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು ನಮಗೆಲ್ಲ ಗೊತ್ತು, ಪಾಲಿಸಲು ನನಗೆ ಒಂದು ಆಘಾತ ಬೇಕಾಯಿತು. ಎಲ್ಲಾದರೂ ಹೀಗಾದರೆ ಬಾಗಿಲು ತೆರೆದು ಅವರನ್ನು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ, ಕೋಣೆಯಲ್ಲಿ ಕೆಂಡವಿತ್ತು ಎಂದು ವೈದ್ಯರಿಗೆ ಮೊದಲೇ ಹೇಳಿ. ಹೇಳದಿದ್ದರೆ ಅದು ಊಟದ ವ್ಯತ್ಯಾಸದಂತೆ ಕಾಣಬಹುದು.

ಊರಿನಲ್ಲಿರುವ ಉಮ್ಮಂದಿರೇ, ಮಗ ಫೋನ್ ಮಾಡಿದಾಗ ಉಂಡೆಯಾ ಎಂದು ಕೇಳುತ್ತೀರಿ. ಈ ಚಳಿಗಾಲದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ರಾತ್ರಿ ಚಳಿಗೆ ಏನು ಮಾಡುತ್ತೀ? ಉತ್ತರ ಕೆಂಡ ಎಂದಾದರೆ ಅವನ ಮಾಲಕನಿಗೆ ಅಂದೇ ಫೋನ್ ಮಾಡಿ.