ಹಳಿ ಅಗಲಾತು, ದಾರಿ ನೆಟ್ಟಗಾಗಲಿಲ್ಲ

ಎರೆಹೊಲದ ದಾರಿಯಲ್ಲಿ ಚಕ್ಕಡಿ ಹೊಡೆದವರಿಗೆ ಗೊತ್ತು: ಮಳೆಗಾಲದಲ್ಲಿ ಒಮ್ಮೆ ಗಾಲಿಯ ಜಾಡು ಬಿತ್ತೆಂದರೆ ಹಿಂದೆ ಬರುವ ಚಕ್ಕಡಿಗಳೂ ಅದರಲ್ಲೇ ಹೋಗಬೇಕು. ಗಾಲಿಗಳ ನಡುವಿನ ಅಂತರ ಬೇರೆಯಾದರೆ ಎತ್ತುಗಳಿಗೆ ಕಷ್ಟ. ರೈಲಿನ ಕಥೆಯೂ ಹಾಗೇ ನೋಡ್ರಿ.

ಇಂಗ್ಲೆಂಡಿನ ಜಾರ್ಜ್ ಸ್ಟೀಫನ್‌ಸನ್ ಕಲ್ಲಿದ್ದಲು ಗಣಿಯ ಬಂಡಿಗಳ ಅಳತೆಯನ್ನೇ ರೈಲಿಗೂ ಇಟ್ಟುಕೊಂಡ. ಅರ್ಧ ಇಂಚು ಸೇರಿ ಅದು 1435 ಮಿ.ಮೀ. ಆಯಿತು. ಬೆಂಗಳೂರಿನ ಮೆಟ್ರೊ ಇವತ್ತಿಗೂ ಓಡುವುದು ಅದೇ ಅಳತೆಯ ಮೇಲೆ. ಆದರೆ 1853ರಲ್ಲಿ ಮುಂಬೈ–ಠಾಣೆ ನಡುವೆ ಓಡಿದ ರೈಲಿನ ಹಳಿ ಇನ್ನೂ ಅಗಲ, 1676 ಮಿ.ಮೀ. ಮುಂದೆ ಖರ್ಚು ಉಳಿಸಲೆಂದು 1870ರಲ್ಲಿ ಲಾರ್ಡ್ ಮೇಯೋ ಸರ್ಕಾರ ಒಂದು ಮೀಟರ್ ಹಳಿಗೂ ಒಪ್ಪಿಗೆ ಕೊಟ್ಟಿತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಮ್ಮ ಭಾಗಕ್ಕೆ ತಂದದ್ದು ಈ ಮೀಟರ್ ಗೇಜನ್ನೇ. ಧಾರವಾಡದ ಈಗಿನ ಕರ್ನಾಟಕ ಕಾಲೇಜಿನ ಕಟ್ಟಡ ಅದರ ಕಚೇರಿಯಾಗಿತ್ತು. ಹಳಿ ಧಾರವಾಡದಿಂದ ಲೋಂಡಾಕ್ಕೆ ಹೋಯಿತು. ಅಲ್ಲಿಂದ ಒಂದು ಕವಲು ಘಟ್ಟ ಇಳಿದು ಗೋವಾದ ಮುರ್ಮುಗೋವಾ ಬಂದರಿಗೆ, ಇನ್ನೊಂದು ಬೆಳಗಾವಿ, ಮಿರಜ ಕಡೆಗೆ. ಹತ್ತಿ ಬಂದರು ಮುಟ್ಟುವುದು ಮುಖ್ಯವಾಗಿತ್ತು. ನಡುವಿನ ಕಿತ್ತೂರು ಹೊರಗೇ ಉಳಿಯಿತು.

1971ರಲ್ಲಿ ಪುಣೆ–ಮಿರಜ ಹಳಿ ಅಗಲವಾದ ಮೇಲೆ, ನಮ್ಮ ಮಂದಿ ಮುಂಬೈಗೆ ಹೋಗಲು ಮಿರಜದಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು. ಸಾಫ್ಟ್‌ವೇರ್‌ನವರಾದ ನಮಗೆ ಇದು ಪರಿಚಿತ ತಾಪತ್ರಯ: ಎರಡು ಸಿಸ್ಟಮ್ ಒಂದಕ್ಕೊಂದು ಹೊಂದದಿದ್ದರೆ, ನಡುವೆ ಯಾರೋ ಭಾರ ಹೊರಲೇಬೇಕು.

1990ರ ದಶಕದಲ್ಲಿ ನಮ್ಮ ಹಳಿಯೂ ಅಗಲವಾಯಿತು. ಆದರೆ ಲೋಂಡಾದ ಸುತ್ತು ತಪ್ಪಲಿಲ್ಲ. ಅಗಲ ತಿದ್ದಲು ನೂರು ವರ್ಷ ಹಿಡಿಯಿತು. ದಾರಿ ಇನ್ನೂ ತಿದ್ದಿಲ್ಲ. ಕಿತ್ತೂರು ಮೇಲೆ ಹಾಯುವ ಸುಮಾರು 73 ಕಿ.ಮೀ. ಧಾರವಾಡ–ಬೆಳಗಾವಿ ನೇರ ಮಾರ್ಗಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಸವದತ್ತಿ, ರಾಮದುರ್ಗದ ಮಂದಿಯೂ ರೈಲು ಕೇಳುತ್ತ ಬಂದಿದ್ದಾರೆ. ಎಲ್ಲಮ್ಮನ ಗುಡ್ಡಕ್ಕೆ ಭಕ್ತರು ಇನ್ನೂ ಬಸ್ಸು, ಚಕ್ಕಡಿಗಳಲ್ಲೇ ಬರುತ್ತಾರೆ.

ಅದಕ್ಕೇ ಹೇಳುವುದು: ‘ರೈಲು ಯಾವಾಗ?’ ಅಂತ ಕೇಳಿದರೆ ಸಾಲದು. ನಕ್ಷೆ ಊರಿಗೆ ಬಂದಾಗ ಗ್ರಾಮಸಭೆಯಲ್ಲಿ ಕೂತು ಕೇಳ್ರಿ: ಸ್ಟೇಷನ್ ಎಲ್ಲಿ? ಬೈಲಹೊಂಗಲದ ಹತ್ತಿ ಅಲ್ಲಿಗೆ ಮುಟ್ಟುವ ರಸ್ತೆ ಯಾವುದು? ಹಳಿಯ ಆಚೆ ಹೊಲ ಇದ್ದವರ ಚಕ್ಕಡಿ ಎಲ್ಲಿ ದಾಟಬೇಕು? ಜಾಡು ಬೀಳುವ ಮೊದಲೇ ಕೇಳಬೇಕಾದ ಮಾತಿವು.